ದಮ್ಮು ಅಂತಲೇ ಹೇಳು ಮಗಳೇ

ಮಗಳೇ,

ಮಂಗಳೂರು ಜಂಕ್ಷನ್‌ನಲ್ಲಿ ನಿನ್ನ ಗೆಳತಿಯರ ಎದುರು ಇನ್‌ಹೇಲರ್ ಕೊಟ್ಟದ್ದಕ್ಕೆ ಅಷ್ಟು ಸಿಟ್ಟಾ? "ಬರೀ ಅಲರ್ಜಿ ಅಮ್ಮಾ" ಅಂತ ಅವರಿಗೆ ಕೇಳುವ ಹಾಗೆ ಹೇಳಿ ಬ್ಯಾಗಿನ ತಳಕ್ಕೆ ತುರುಕಿದೆ. ನಿನ್ನ ಮನಸ್ಸಿಗೆ ನೋವಾಗಿದ್ದರೆ ಬೇಜಾರು ಮಾಡ್ಬೇಡ. ಆದರೆ ಇದು ಮುಚ್ಚಿಡುವ ಕಾಯಿಲೆ ಅಲ್ಲ.

ಅಸ್ತಮಾ, ದಮ್ಮು ಅನ್ನುವ ಹೆಸರಲ್ಲಿ ನಾಚಿಕೆಪಡುವಂಥದ್ದು ಎಂತ ಉಂಟು ಅಂತ ಮನೆಗೆ ಬಂದು ಹುಡುಕಿದೆ. ಅಸ್ತಮಾ ಅಂದರೆ ಗ್ರೀಕ್‌ನಲ್ಲಿ ಏದುವುದು, ಅಷ್ಟೇ. ದಮ್ಮು ಪರ್ಷಿಯನ್ ಕಡೆಯಿಂದ ಬಂದದ್ದು, ಅಲ್ಲಿ ದಮ್ ಅಂದರೆ ಉಸಿರು. ಗೊರಗೊರ ಅನ್ನುವ ಮಾತಂತೂ ಆ ಉಸಿರಿನ ಸದ್ದೇ. ಚರಕ ಸಂಹಿತೆಯಲ್ಲೂ ತಮಕ ಶ್ವಾಸದ, ಅಂದರೆ ದಮ್ಮಿನಂಥದೇ ಕಾಯಿಲೆಯ, ಸದ್ದಿಗೆ ಘುರ್ಘುರ ಅಂತಲೇ ಇದೆ. ಮೋಡ, ಮಳೆ, ಚಳಿ, ಮೂಡಣ ಗಾಳಿಗೆ ಅದು ಜಾಸ್ತಿಯಂತೆ. ಮಲಗಿದರೆ ಕಷ್ಟ, ಎದ್ದು ಕೂತರೆ ಸ್ವಲ್ಪ ಹಾಯಂತೆ. ನಿನ್ನನ್ನೇ ನೋಡಿ ಬರೆದ ಹಾಗಿದೆ.

ಎರಡನೇ ಕ್ಲಾಸಿನಲ್ಲಿದ್ದಾಗ, ಆಟಿ ತಿಂಗಳ ಆ ರಾತ್ರಿ, ನೀನು ಅಜ್ಜಿಯ ಎದೆಗೆ ಬೆನ್ನು ಕೊಟ್ಟು ಹಾಗೇ ಕೂತಿದ್ದೆ. ಉಸಿರು ಬಿಡುವಾಗ ಸುಂಯ್ ಅಂತ ಸಣ್ಣ ಸೀಟಿ. ಹೆಂಚಿನ ಮೇಲೆ ಮಳೆ ಹೊಡೆಯುತ್ತಿದ್ದರೂ ನನಗೆ ಅದೊಂದೇ ಕೇಳುತ್ತಿತ್ತು. ಪ್ರತಿ ಉಸಿರಿಗೂ ಕತ್ತಿನ ಕೆಳಗೆ ಗುಂಡಿ ಬೀಳುತ್ತಿತ್ತು. ಆಮೇಲೆ ಸೀಟಿ ನಿಂತಿತು. "ಕಡಿಮೆ ಆಯ್ತು, ಮಲಗಿಸುವ" ಅಂದರು ಅಜ್ಜಿ. ನಿನ್ನ ತುಟಿಯ ಬಣ್ಣ ನೋಡಿ ನನಗೆ ಕೈಕಾಲು ಬಿದ್ದುಹೋಯಿತು. ಎತ್ತಿಕೊಂಡು ಗೇಟಿನವರೆಗೆ ಓಡಿದೆ, ರಿಕ್ಷಾ ಸಿಕ್ಕಿತು. ಆಮೇಲೆ ಡಾಕ್ಟರು ಹೇಳಿದರು, ಸದ್ದು ಬರಬೇಕಾದರೂ ಗಾಳಿ ಓಡಾಡಬೇಕು. ಉಸಿರಿನ ಕೊಳವೆ ಬಿಗಿದು, ಒಳಗೆ ಊದಿ, ಕಫ ಕಟ್ಟಿ ಗಾಳಿಯೇ ಹೋಗದಿದ್ದರೆ ಸೀಟಿಯೂ ಇಲ್ಲ ಅಂತ. ಅವತ್ತಿನಿಂದ ನನಗೆ ನಿನ್ನ ಸೀಟಿಗಿಂತ ಅದು ನಿಲ್ಲುವುದೇ ಜಾಸ್ತಿ ಹೆದರಿಕೆ. ನೀನು ಸುಮ್ನೆ ನಿದ್ದೆ ಮಾಡಿದ ರಾತ್ರಿಗಳಲ್ಲೂ ಬಾಗಿಲ ಹತ್ತಿರ ಬಂದು ಎದೆ ಏಳುತ್ತದಾ ಅಂತ ನೋಡಿ ಹೋಗುತ್ತಿದ್ದೆ.

ದೆಹಲಿಯಲ್ಲಿ ನವೆಂಬರ್ ಬಂದರೆ ಹೊಗೆ ಕವಿಯುತ್ತದೆ. ಆ ನೀಲಿ ಇನ್‌ಹೇಲರ್ ಕೈಗೆ ಸಿಗುವ ಕಡೆ ಇಡು, ಬ್ಯಾಗಿನ ತಳದಲ್ಲಿ ಬೇಡ. ದಿನಾ ತೆಗೆದುಕೊಳ್ಳುವ ಇನ್ನೊಂದನ್ನು, ಆರಾಮಿದ್ದೇನೆ ಅಂತ ನೀನಾಗಿ ನಿಲ್ಲಿಸಬೇಡ, ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸು. ಎರಡು ಮಾತು ಆಡಿ ನಿಲ್ಲಿಸುವಷ್ಟು ಉಸಿರು ಕಟ್ಟಿದರೆ, ಸೀಟಿ ನಿಂತೂ ಸುಸ್ತು ಹೆಚ್ಚಾದರೆ, ಬೆಳಗಾಗಲಿ ಅಂತ ಕಾಯಬಾರದು ಮಾರಾಯ್ತಿ, ಆಸ್ಪತ್ರೆಗೆ ಹೋಗಲೇಬೇಕು. ರೂಮಿನವಳಿಗೂ ಇದು ಗೊತ್ತಿರಬೇಕು.

ಮೆಟ್ಟಿಲು ಹತ್ತಲು ಏದುತ್ತಿದ್ದವಳು ಈಗ ಒಬ್ಬಳೇ ಅಷ್ಟು ದೂರ ಕೆಲಸಕ್ಕೆ ಹೋಗಿದ್ದೀ. ಅಂಗಡಿಯವರಿಗೂ ಹೇಳಿ ಆಯಿತು, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿ ಆಯಿತು.

ರೂಮಿನವಳ ನಂಬರ್ ಕಳಿಸು. ಮೊದಲು ನೀನೇ ಅವಳಿಗೆ ಹೇಳು, ಅಲರ್ಜಿ ಅಂತಲ್ಲ, ದಮ್ಮು ಅಂತ. ಅಲ್ಲಿವರೆಗೆ ನಾನು ಅವಳಿಗೆ ಫೋನ್ ಮಾಡುವುದಿಲ್ಲ.

ಅಮ್ಮ