ಕೊನೆಯ ತಪಾಸಣೆಗೆ ಬಂದವರಿಗೆ, ಬಾರದವರಿಗೂ

ದಂತವೈದ್ಯಕೀಯದ ಸ್ನಾತಕೋತ್ತರ ಪದವಿಗೆಂದು (ಎಂ.ಡಿ.ಎಸ್.) ಬರೆದ ನನ್ನ ಪ್ರಬಂಧ ಕಳೆದ ವಾರ ವಿಶ್ವವಿದ್ಯಾಲಯಕ್ಕೆ ಹೋಯಿತು. ಅದರಲ್ಲೂ ಕೃತಜ್ಞತೆಗೆಂದು ಒಂದು ಪುಟವಿದೆ. ಇಂಗ್ಲಿಷಿನಲ್ಲಿರುವ ಆ ಪುಟ ಪ್ರಾಂಶುಪಾಲರಿಂದ ಶುರುವಾಗಿ, ಹುದ್ದೆಯ ಮೆಟ್ಟಿಲು ಇಳಿಯುತ್ತಾ ಬಂದು, ಹಾಸ್ಟೆಲ್ ಗೆಳತಿಯರ ಹತ್ತಿರ ಮುಗಿಯುತ್ತದೆ. ಈ ಕೆಲಸವನ್ನು ದಡ ಮುಟ್ಟಿಸಿದವರಲ್ಲಿ ಬಹಳ ಜನ ಅದನ್ನು ಓದುವವರಲ್ಲ. ಎಷ್ಟೋ ಹೆಸರುಗಳನ್ನು ಅಲ್ಲಿ ಹಾಕುವಂತೆಯೂ ಇಲ್ಲ, ಪಾಲ್ಗೊಂಡ ಮಕ್ಕಳ ಗುರುತು ಹೊರಬೀಳಬಾರದು ಎಂಬುದು ನಿಯಮ. ಅದಕ್ಕೇ ಇಲ್ಲಿ, ಕನ್ನಡದಲ್ಲಿ, ಯಾರ ಹೆಸರೂ ಇಲ್ಲದೆ ಬರೆಯುತ್ತಿದ್ದೇನೆ. ಓದುವಾಗ ಇದು ತಮ್ಮದೇ ಮಾತು ಅನ್ನಿಸಿದರೆ ಅದು ನಿಮ್ಮದೇ.

ಮೊದಲು ನಾವು ಮಾಡಿದ್ದೇನು ಎಂದು ಹೇಳಿಬಿಡುತ್ತೇನೆ. ನಾಲ್ಕರಿಂದ ಆರು ವರ್ಷದ ಮಕ್ಕಳ ದವಡೆಯ ಹಾಲುಹಲ್ಲು ಹುಳುಕಾದಾಗ, ಡ್ರಿಲ್ ಮಾಡದೆ, ಇಂಜೆಕ್ಷನ್ ಚುಚ್ಚದೆ, ಶಾಲೆಯ ಬೆಂಚಿನ ಮೇಲೆಯೇ ಮಲಗಿಸಿ ಕೊಡಬಹುದಾದ ಎರಡು ಚಿಕಿತ್ಸೆಗಳಲ್ಲಿ ಯಾವುದು ಹೆಚ್ಚು ತಾಳುತ್ತದೆ ಎಂದು ನೋಡಿದೆವು. ಒಂದು, ಸಿಲ್ವರ್ ಡಯಾಮೈನ್ ಫ್ಲೋರೈಡ್ ಎಂಬ ದ್ರವ. ಜಪಾನಿನಲ್ಲಿ 1970ರಿಂದ ಬಳಕೆಯಲ್ಲಿದೆ. ಅದರ ಬೆಳ್ಳಿ ಕ್ರಿಮಿ ಕೊಲ್ಲುತ್ತದೆ, ಫ್ಲೋರೈಡ್ ಮೆತ್ತಗಾದ ಹಲ್ಲನ್ನು ಗಟ್ಟಿ ಮಾಡುತ್ತದೆ. ಆರು ತಿಂಗಳಿಗೊಮ್ಮೆ ಒಂದು ಹನಿ ಹಚ್ಚಿದರೆ ಮುಗಿಯಿತು. ಇನ್ನೊಂದು, ಕೈಯಿಂದಲೇ ಹುಳುಕನ್ನು ಕೆರೆದು ತೆಗೆದು ಗ್ಲಾಸ್ ಅಯನೋಮರ್ ಸಿಮೆಂಟ್ ತುಂಬುವುದು. 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ, ಕರೆಂಟು ಇಲ್ಲದ ಕಡೆ ಹುಟ್ಟಿದ ವಿಧಾನ ಇದು. ಕುಂದಗೋಳ, ನವಲಗುಂದ ಕಡೆಯ ಶಾಲೆಗಳಿಗೆ ಚೆನ್ನಾಗಿಯೇ ಹೊಂದಿಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಈ ದ್ರವ, ಈ ಸಿಮೆಂಟ್ ಎರಡನ್ನೂ ತನ್ನ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಮಕ್ಕಳ ಬಾಯಲ್ಲಿ ಇವುಗಳ ಹೆಸರು ಮೊದಲ ದಿನವೇ ‘ಕರಿ ಔಷಧ’, ‘ಬಿಳಿ ಸಿಮೆಂಟ್’ ಎಂದಾಯಿತು. ನಾವೂ ಹಾಗೇ ಕರೆದೆವು.

ಯಾವ ಮಗುವಿಗೆ ಯಾವುದು ಎಂದು ನಾನು ಆರಿಸುವಂತಿರಲಿಲ್ಲ. ಮುಚ್ಚಿದ ಲಕೋಟೆ ಒಡೆದಾಗ ಒಳಗೆ ಬಂದಿದ್ದೇ ಚಿಕಿತ್ಸೆ. “ನಮ್ಮ ಹುಡುಗಗ ಚಲೋದ್ದ ಯಾವ್ದೈತಿ ಅದನ್ನ ಮಾಡ್ರಿ” ಎಂದು ಕೇಳಿದವರಿಗೆ, ಯಾವುದು ಚಲೋ ಎಂದು ನಮಗೂ ಖಾತ್ರಿ ಇಲ್ಲ, ಅದಕ್ಕೇ ಈ ಅಧ್ಯಯನ ಎಂದು ಹೇಳಬೇಕಿತ್ತು. ಬಿಳಿ ಕೋಟು ಹಾಕಿಕೊಂಡು ‘ಖಾತ್ರಿ ಇಲ್ಲ’ ಎನ್ನುವುದು ಸುಲಭವಲ್ಲ. ನಮ್ಮ ಗೈಡ್ ಇದನ್ನು ಮೊದಲೇ ಅಭ್ಯಾಸ ಮಾಡಿಸಿದ್ದರು. ಬ್ರಿಟನ್ನಿನಲ್ಲಿ 1144 ಮಕ್ಕಳ ಮೇಲೆ ನಡೆದ ದೊಡ್ಡ ಅಧ್ಯಯನವೊಂದನ್ನು ನನ್ನ ಮುಂದಿಟ್ಟು ಓದಿಸಿದರು. ಹುಳುಕು ತೆಗೆದು ತುಂಬುವುದು, ತೆಗೆಯದೆ ಒಳಗೇ ಮುಚ್ಚಿಬಿಡುವುದು, ಬರೀ ಬ್ರಷ್ಷು, ಆಹಾರ, ಫ್ಲೋರೈಡ್ ಲೇಪದ ಮೇಲೆ ನಿಲ್ಲುವುದು ಎಂಬ ಮೂರು ದಾರಿಗಳನ್ನು ಹೋಲಿಸಿದರೆ, ನೋವು ಮತ್ತು ಕೀವಿನ ವಿಷಯದಲ್ಲಿ ಒಂದು ಇನ್ನೊಂದಕ್ಕಿಂತ ಮೇಲು ಎಂಬುದಕ್ಕೆ ಅಲ್ಲಿ ಪುರಾವೆ ಸಿಗಲಿಲ್ಲ. “ಅಷ್ಟು ದೊಡ್ಡವರೇ ಹೀಗೆ ಬರೆದಿದ್ದಾರೆ, ನೀನು ಹೇಳಲಿಕ್ಕೆ ಯಾಕೆ ನಾಚಬೇಕು?” ಎಂದರು. ಸರ್, ನಿಮಗೆ ಪ್ರಬಂಧದಲ್ಲಿ ಅರ್ಧ ಪುಟ ಧನ್ಯವಾದ ಇದೆ, ಇಲ್ಲಿ ಇಷ್ಟೇ.

ಇಂಥ ಅಧ್ಯಯನಕ್ಕೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯಲ್ಲಿ ವೈದ್ಯರಲ್ಲದ ಸದಸ್ಯರೂ ಇರಬೇಕೆಂಬ ನಿಯಮ ಯಾಕಿದೆ ಎಂದು ನನಗೆ ಅರ್ಥವಾಗಿದ್ದು ಅದರ ಮುಂದೆ ಕೂತ ದಿನ. ಉಳಿದವರೆಲ್ಲ ಮಾದರಿಯ ಗಾತ್ರ, ಔಷಧದ ಪ್ರಮಾಣ ಎಂದು ಕೇಳುತ್ತಿದ್ದಾಗ ಅಂಥ ಸದಸ್ಯರೊಬ್ಬರು, “ಇದೆಲ್ಲ ಮುಗಿದ ಮ್ಯಾಲ ಸೋತ ಗುಂಪಿನ ಮಕ್ಕಳ ಗತಿ ಏನ್ರೀ ತಂಗಿ?” ಎಂದು ಕೇಳಿದರು. ಯಾವ ಗುಂಪಿನ ಮಗುವೇ ಆಗಲಿ, ಚಿಕಿತ್ಸೆ ತಾಳದಿದ್ದರೆ ಕೊನೆಯ ತಪಾಸಣೆಯ ನಂತರ ನಮ್ಮ ವಿಭಾಗವೇ ಮುಂದಿನದನ್ನು ಉಚಿತವಾಗಿ ಮಾಡುತ್ತದೆ ಎಂಬ ಸಾಲು ಒಪ್ಪಿಗೆ ಪತ್ರಕ್ಕೆ ಸೇರಿದ್ದು ಆ ಪ್ರಶ್ನೆಯಿಂದ. ಮಗುವಿನ ಸಮ್ಮತಿಯನ್ನೂ ಕೇಳುವ ನಿಯಮ ಏಳು ವರ್ಷದ ಮೇಲಿನವರಿಗೆ. ನಮ್ಮವರು ಅದಕ್ಕಿಂತ ಚಿಕ್ಕವರು, ಪೋಷಕರ ಸಹಿ ಸಾಕಿತ್ತು. ಆದರೂ ಮಗು ಬಾಯಿ ಮುಚ್ಚಿಕೊಂಡರೆ ಅವತ್ತಿಗೆ ಅಲ್ಲಿಗೇ ನಿಲ್ಲಿಸಬೇಕು ಎಂದು ಅವರೇ ಬರೆಸಿದರು. ಸಮಿತಿಯ ಒಪ್ಪಿಗೆ ಸಿಕ್ಕ ಮೇಲೆ, ಮೊದಲ ಮಗುವನ್ನು ಸೇರಿಸಿಕೊಳ್ಳುವ ಮೊದಲೇ, ಚಿಕಿತ್ಸೆಗಳನ್ನು ಜನರ ಮೇಲೆ ಪರೀಕ್ಷಿಸುವ ಅಧ್ಯಯನಗಳಿಗೆಂದು ದೇಶದಲ್ಲಿರುವ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಎಲ್ಲ ವಿವರ ಬರೆದಿಟ್ಟೆವು. ಏನನ್ನು ಅಳೆಯುತ್ತೇವೆ ಎಂದು ಅಲ್ಲಿ ಒಮ್ಮೆ ಬರೆದ ಮೇಲೆ ಅನುಕೂಲಕ್ಕೆ ತಕ್ಕಂತೆ ಅಳತೆಗೋಲು ಬದಲಿಸಲು ಬರುವುದಿಲ್ಲ.

ಅಮರಗೋಳದ ಎ.ಪಿ.ಎಂ.ಸಿ.ಯಲ್ಲಿ ಹಮಾಲಿ ಮಾಡುವ ಒಬ್ಬ ತಂದೆಗೆ ನನ್ನ ವಿಶೇಷ ನಮಸ್ಕಾರ. ಮೂಲ ಮುಂಡರಗಿ ಕಡೆಯವರು. ಒಪ್ಪಿಗೆ ಪತ್ರವನ್ನು ಇಡೀ ಓದಿಸಿಕೊಂಡರು, ಫ್ಲೋರೈಡ್ ಎಂಬ ಪದ ಬಂದ ಕೂಡಲೇ ಕೈ ಅಡ್ಡ ಮಾಡಿದರು. “ನಮ್ಮೂರ ಬೋರಿನ ನೀರಾಗ ಅದ ಜಾಸ್ತಿ ಐತಿ, ಕುಡೀಬ್ಯಾಡ್ರಿ ಅಂತಾರ. ನಮ್ಮ ಅಣ್ಣನ ಮಕ್ಕಳ ಹಲ್ಲ ನೋಡ್ರಿ, ಹಳದಿ ಪಟ್ಟಿ. ನೀವು ಅದನ್ನ ಬಾಯಾಗ ಹಚ್ಚತೇನಿ ಅಂತೀರಿ. ಹೆಂಗ ನಂಬೂದ್ರಿ?”

ಇಷ್ಟು ನೇರವಾದ ಪ್ರಶ್ನೆಯನ್ನು ನನಗೆ ಇದುವರೆಗಿನ ಯಾವ ಮೌಖಿಕ ಪರೀಕ್ಷೆಯಲ್ಲಿಯೂ ಯಾರೂ ಕೇಳಿಲ್ಲ. ಗದಗ ಜಿಲ್ಲೆಯ, ಅದರಲ್ಲೂ ಮುಂಡರಗಿ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ನಿಜ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ (ಬಿ.ಐ.ಎಸ್.) ಹಾಕಿದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದ ಕಡೆ 1.5ರ ತನಕ. ಒಸಡಿನೊಳಗೆ ಕಾಯಂ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದ ತನಕ, ಅದಕ್ಕಿಂತ ಹೆಚ್ಚಿನದು ದಿನಾ ಹೊಟ್ಟೆಗೆ ಹೋದರೆ ಹಲ್ಲಿನ ಮೇಲೆ ಕಲೆ ಬೀಳುತ್ತದೆ. ನಮ್ಮ ಔಷಧ ಹೊಟ್ಟೆಗಲ್ಲ, ಹುಳುಕಿನ ಗುಂಡಿಯ ಮೇಲೆ ಮಾತ್ರ, ಅದೂ ವರ್ಷಕ್ಕೆ ಎರಡು ಸಲ, ಹತ್ತಿ ಇಟ್ಟು ಒಣಗಿಸಿ ಒಂದು ಹನಿ. ಆ ಹನಿಯಲ್ಲಿ ಫ್ಲೋರೈಡಿನ ಸಾಂದ್ರತೆ ಸಣ್ಣದಲ್ಲ, 44,800 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ) ಸುಮಾರು, ಟೂತ್‌ಪೇಸ್ಟಿನಲ್ಲಿ ಇರುವುದು 1000. ಅದನ್ನೂ ಮುಚ್ಚಿಡದೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಪೇಸ್ಟ್ ನುಂಗೂ ಹುಡುಗರಿಗೆ?” ಎಂದು ಮರುಪ್ರಶ್ನೆ ಹಾಕಿದರು. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಆರರ ತನಕ ಬಟಾಣಿಯಷ್ಟು, ದೊಡ್ಡವರು ಎದುರು ನಿಂತು ಉಗಿಸಬೇಕು ಎಂದೆ. ಆಮೇಲೆ ಸಹಿ ಮಾಡಿದರು. ಆ ದಿನದಿಂದ ನಮ್ಮ ತಪಾಸಣೆ ಹಾಳೆಗೆ ‘ಮಗು ಇದುವರೆಗೆ ಯಾವ ಊರಿನ, ಯಾವ ನೀರು ಕುಡಿದಿದೆ’ ಎಂಬ ಅಂಕಣವೊಂದು ಸೇರಿತು. ಪ್ರಬಂಧದ ಚರ್ಚಾ ಭಾಗದಲ್ಲಿ ಅದರ ಬಗ್ಗೆ ಒಂದೂವರೆ ಪುಟವಿದೆ. ಅದು ನಿಮ್ಮದು, ಅಣ್ಣಾರ.

ಅಜ್ಜಿಯಂದಿರಿಗೆ ಹೇಗೆ ಧನ್ಯವಾದ ಹೇಳಲಿ? ಮಗು ಮೂರು ದಿನ ಏನೇನು ತಿಂದಿತು ಎಂದು ಬರೆದುಕೊಡಿ ಎಂದು ಹಾಳೆ ಕೊಟ್ಟರೆ, ತಾಯಂದಿರು ರೊಟ್ಟಿ, ಮುದ್ದಿಪಲ್ಯ, ಅನ್ನ, ಸಾರು, ಮೊಸರು ಎಂದು ಚೆಂದ ಬರೆದು ಕಳಿಸುತ್ತಿದ್ದರು. ಅಷ್ಟು ಒಳ್ಳೆಯ ಊಟ ಮಾಡುವ ಮಗುವಿನ ಬಾಯಲ್ಲಿ ಅಷ್ಟು ಹುಳುಕು ಎಲ್ಲಿಂದ ಬಂತು? ಉತ್ತರ ಸಿಗುತ್ತಿದ್ದದ್ದು ಪಕ್ಕದಲ್ಲಿ ಕೂತ ಆಯಿಯಿಂದ. “ಬರ್ದದ್ದೆಲ್ಲ ಖರೇನ ಐತ್ರಿ ಬಾಯಾರ. ಅಂಗಡಿ ಪಾಕೀಟ ಬರ್ದಿಲ್ಲ. ಚಾದಾಗ ಬಿಸ್ಕೀಟ್ ಎದ್ದಿ ತಿಂದದ್ದ ಬರ್ದಿಲ್ಲ. ರಾತ್ರಿ ಬಾಟ್ಲಿ ಹಾಲಂತೂ ಬರ್ದ ಇಲ್ಲ.” ಸೊಸೆ ಮುಖ ಬಿಗಿ ಮಾಡಿಕೊಳ್ಳುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ಧಾರವಾಡದಲ್ಲಿದ್ದುಕೊಂಡು ಪೇಡೆ ತಿನ್ನಬೇಡಿ ಎನ್ನುವಿರಾ ಎಂದು ಬಹಳ ಜನ ನನ್ನನ್ನು ಕೆಣಕುತ್ತಾರೆ. ಊಟದ ಜೊತೆಗೆ ಒಂದು ಪೇಡೆ ತಿಂದರೆ ಏನೂ ಆಗುವುದಿಲ್ಲ, ಮಾರಾಯರೆ. ಹಲ್ಲು ಹಾಳಾಗುವುದು ಬೆಳಗಿನಿಂದ ಸಂಜೆಯ ತನಕ ತಾಸಿಗೊಮ್ಮೆ ಕೈ ಬಾಯಿಗೆ ಹೋಗುವುದರಿಂದ, ನಿದ್ದೆಗಣ್ಣಲ್ಲಿ ಬಾಯಲ್ಲಿ ಉಳಿದ ಸಕ್ಕರೆ ಹಾಲಿನಿಂದ.

ಕರಿ ಔಷಧದ ಒಂದು ತೊಂದರೆ ಎಲ್ಲರಿಗೂ ಗೊತ್ತಿತ್ತು, ನಾವೇ ಫೋಟೊ ತೋರಿಸಿ ಹೇಳಿದ್ದೆವು. ಹುಳುಕು ನಿಂತ ಜಾಗ ಕಪ್ಪಾಗುತ್ತದೆ, ಆ ಹಲ್ಲು ಬೀಳುವ ತನಕ ಹಾಗೇ ಇರುತ್ತದೆ. ಅದಕ್ಕೇ ಮುಂದಿನ ಹಲ್ಲು ಬಿಟ್ಟು ದವಡೆ ಹಲ್ಲು ಮಾತ್ರ ತೆಗೆದುಕೊಂಡೆವು. ಆದರೂ ಆಕಳಿಸಿದಾಗ ಕಂಡೇ ಕಾಣುತ್ತದೆ. ಅಂಗನವಾಡಿ ಜಗಲಿಯ ಮೇಲೆ ಈ ಬಗ್ಗೆ ಗೊಣಗಾಟ ಎದ್ದಾಗ, ಒಬ್ಬ ಅಜ್ಜಿ ಮೊಮ್ಮಗಳ ಗಲ್ಲ ಹಿಡಿದು ಬಾಯಿ ತೆರೆಸಿ ಎಲ್ಲರಿಗೂ ತೋರಿಸಿ, “ಹಲ್ಲಿಗೆ ದೃಷ್ಟಿಬೊಟ್ಟ ಇಟ್ಟಂಗ ಆಗೇತಿ, ಇನ್ನ ಯಾವ ಹುಳಾನೂ ಕಣ್ಣ ಹಾಕೂದಿಲ್ಲ” ಎಂದು ಬಿಟ್ಟರು. ನಾನು ಮಾಡಿಕೊಂಡು ಹೋಗಿದ್ದ ಚಿತ್ರಪಟಗಳನ್ನು ಅವತ್ತು ಬಿಚ್ಚಲೇ ಇಲ್ಲ.

ಎಲ್ಲರೂ ಹಾಗೆ ಒಪ್ಪಲಿಲ್ಲ, ಒಪ್ಪಬೇಕಾಗಿಯೂ ಇರಲಿಲ್ಲ. ಒಬ್ಬ ತಾಯಿ ಎರಡನೆಯ ಸಲ ಹಚ್ಚುವ ಮೊದಲು ಮಗಳನ್ನು ಕರೆದುಕೊಂಡು ಬಂದರು. “ಮನ್ಯಾಗ ಬ್ಯಾಡ ಅಂದಾರ್ರಿ. ನನಗೂ ಸರಿ ಕಾಣ್ಸವಲ್ದು. ಸಿಟ್ಟ ಆಗಬ್ಯಾಡ್ರಿ” ಎಂದರು. ಫೋನ್ ತೆಗೆಯದೆ ಸುಮ್ಮನಿದ್ದುಬಿಡಬಹುದಿತ್ತು. ಬಸ್ಸಿನ ಖರ್ಚು, ಒಂದು ದಿನದ ಕೂಲಿ ಕಳೆದುಕೊಂಡು ಬೇಡ ಎಂದು ಹೇಳುವುದಕ್ಕೇ ಬಂದಿದ್ದರು. ‘ಯಾವಾಗ ಬೇಕಾದರೂ, ಕಾರಣ ಕೊಡದೆ ಹೊರಬರಬಹುದು’ ಎಂದು ನಾನು ಎಲ್ಲರಿಗೂ ಓದಿ ಹೇಳುತ್ತಿದ್ದೆ, ಅದನ್ನು ಅಕ್ಷರಶಃ ನಂಬಿದವರು ಅವರು. ಆ ಮಗುವಿಗೆ ನಮ್ಮ ವಿಭಾಗದಲ್ಲೇ ಸ್ಟೀಲ್ ಕ್ಯಾಪ್ ಕೂರಿಸಿದೆವು. ಸಿಟ್ಟು ಒಂದಿಷ್ಟೂ ಇಲ್ಲ, ಅಕ್ಕಾ.

ಇನ್ನು ಗುಳೆ. ಆರಂಭದಲ್ಲಿಯೇ ನಮ್ಮ ಸಂಖ್ಯಾಶಾಸ್ತ್ರಜ್ಞರು ಇದರ ಬಗ್ಗೆ ಎಚ್ಚರಿಸಿದ್ದರು. ಮಕ್ಕಳು ಕೊನೆಯ ತಪಾಸಣೆಗೆ ಬರದೆ ಹೋದರೆ, ಉಳಿದವರನ್ನಷ್ಟೇ ಎಣಿಸಿ ಬರೆದ ಫಲಿತಾಂಶ ಸುಳ್ಳಿನ ಹತ್ತಿರ ಹೋಗುತ್ತದೆ ಎಂದಿದ್ದರು. ಹಲ್ಲು ನೋವೆದ್ದವರೇ ಬಾರದೆ ಹೋದರೆ ಎರಡೂ ಔಷಧ ಗೆದ್ದಂತೆ ಕಾಣುತ್ತವೆ. ಒಂದೇ ಬಾಯಿಯ ಎರಡು ಹಲ್ಲುಗಳನ್ನು ಎರಡು ಬೇರೆ ಮಕ್ಕಳಂತೆ ಲೆಕ್ಕ ಹಿಡಿಯಬಾರದು ಎಂದು ಕಲಿಸಿದವರೂ ಅವರೇ. ಕಪ್ಪಾದ ಹಲ್ಲು ತಾನು ಯಾವ ಗುಂಪು ಎಂದು ತಾನೇ ಹೇಳಿಬಿಡುತ್ತದೆ, ನೋಡುವವರ ಕಣ್ಣು ಕಟ್ಟಲು ಆಗುವುದಿಲ್ಲ. ಹಾಗಾಗಿ ಕೊನೆಯ ತಪಾಸಣೆಯನ್ನು ಚಿಕಿತ್ಸೆ ಕೊಡದ ಇಬ್ಬರು ಜೂನಿಯರ್‌ಗಳು ಮಾಡಿದರು, ಲೆಕ್ಕ ಮಾಡುವವರಿಗೆ ಗುಂಪುಗಳನ್ನು ಬರೀ ‘ಅ’, ‘ಆ’ ಎಂದು ಕೊಟ್ಟೆವು.

ಆದರೆ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋದ ಮನೆಯ ಮಗುವನ್ನು ಯಾವ ಸೂತ್ರ ತಂದುಕೊಡುತ್ತದೆ? ತಂದುಕೊಟ್ಟವರು ಒಬ್ಬ ಮುಖ್ಯೋಪಾಧ್ಯಾಯಿನಿ ಮತ್ತು ಒಬ್ಬ ಅಂಗನವಾಡಿ ಕಾರ್ಯಕರ್ತೆ. ಶಾಲೆಯ ಅಕ್ಕಾರು ಟಿ.ಸಿ. ಪುಸ್ತಕ ನೋಡಿ ಯಾವ ಮಗು ಎಲ್ಲಿಗೆ ಹೋಯಿತು ಎಂದು ಹುಡುಕಿದರು. ನನಗೆ ನಂಬರನ್ನು ಮಾತ್ರ ಸುಮ್ಮನೆ ಕೊಡಲಿಲ್ಲ. ಮೊದಲು ತಾವೇ ಫೋನ್ ಮಾಡಿ, “ಹಲ್ಲಿನ ಡಾಕ್ಟರ್ ಕೇಳಾಕತ್ತಾರ, ಕೊಡ್ಲೇನ?” ಎಂದು ಕೇಳಿ, ಹೂಂ ಅಂದವರದ್ದಷ್ಟೇ ಕೊಟ್ಟರು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಅಂಗನವಾಡಿ ಅಕ್ಕನಿಗೆ ಯಾವ ಮನೆಯವರು ಯಾವ ಹಬ್ಬಕ್ಕೆ, ಯಾವ ದೇವರ ಜಾತ್ರೆಗೆ ಊರಿಗೆ ಬರುತ್ತಾರೆ ಎಂಬುದು ಬಾಯಿಪಾಠ. ನಮ್ಮ ತಪಾಸಣೆಯ ವೇಳಾಪಟ್ಟಿ ಕೊನೆಗೆ ಜಾತ್ರೆಗಳ ವೇಳಾಪಟ್ಟಿಯೇ ಆಯಿತು. ತೇರು ಎಳೆಯುವ ದಿನ ಗುಡಿಯ ಹಿಂದೆ ಟೇಬಲ್ ಹಾಕಿ ಕೂತರೆ, ಬೆಂಡು ಬತ್ತಾಸು ತಿನ್ನುತ್ತಲೇ ಬಂದ ಮಕ್ಕಳಿಗೆ ಬಾಯಿ ಮುಕ್ಕಳಿಸಲು ಹೇಳುವುದೇ ದೊಡ್ಡ ಕೆಲಸ. ಆದರೆ ಬಂದರು. ಬಾರದವರನ್ನು ಪ್ರಬಂಧದಲ್ಲಿ ಕೈಬಿಟ್ಟಿಲ್ಲ. ಎಷ್ಟು ಜನ, ಯಾವ ಗುಂಪಿನವರು, ಕಾರಣ ಗೊತ್ತಿದ್ದರೆ ಏನು ಎಂದು ಒಂದು ಚಿತ್ರವೇ ಇದೆ.

ನಮ್ಮ ಮನೆಯವರ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅವರಿಗೆ ಇಷ್ಟವಾಗುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ನಿದ್ದೆ ಹೋದ ನನ್ನನ್ನು ಸತ್ತೂರಿನಲ್ಲಿ ಎಬ್ಬಿಸಿ ಇಳಿಸುತ್ತಿದ್ದ ಸಹಪ್ರಯಾಣಿಕರಿಗೂ ಒಂದು ನಮಸ್ಕಾರ.

ಫಲಿತಾಂಶ ಏನು ಎಂದು ಕೇಳುವವರಿಗೆ: ಅಂಕಿಗಳು ಈಗ ಪರೀಕ್ಷಕರ ಮುಂದಿವೆ, ಅವರು ನೋಡುವ ಮೊದಲು ಇಲ್ಲಿ ಹೇಳುವುದು ಸರಿಯಲ್ಲ. ಅಲ್ಲಿಂದ ಬಂದ ಮೇಲೆ ಮೊದಲು ಆಯಾ ಶಾಲೆಗೇ ಬಂದು ಪೋಷಕರ ಸಭೆಯಲ್ಲಿ ಹೇಳುತ್ತೇವೆ. ಅಷ್ಟರೊಳಗೆ ಒಂದು ಕೆಲಸ. ಆರು ತುಂಬಿದ ಮಕ್ಕಳಿಗೆ ಹಾಲುಹಲ್ಲುಗಳ ಹಿಂದೆ ಹೊಸದೊಂದು ದವಡೆ ಹಲ್ಲು ಮೂಡುತ್ತದೆ. ಅದು ಬೀಳುವ ಹಲ್ಲಲ್ಲ, ಆದರೆ ಹಾಲುಹಲ್ಲೆಂದು ತಿಳಿದು ಬಹಳ ಜನ ಬಿಟ್ಟುಬಿಡುತ್ತಾರೆ. ಅದರ ಗೆರೆಗಳಿಗೆ ಸೀಲಂಟ್, ಅಂದರೆ ಹುಳುಕು ಹಿಡಿಯದಂತೆ ಮುಚ್ಚುವ ಲೇಪ, ಹಾಕಿಸಬೇಕು. ತುಂಬಿದ ಸಿಮೆಂಟ್ ಉದುರಿದವರು, ಕಪ್ಪಾದ ಹಲ್ಲಿನಲ್ಲಿ ಮತ್ತೆ ನೋವೆದ್ದವರು ಕೂಡ ಬನ್ನಿ. ನಮ್ಮ ವಿಭಾಗ ಸೋಮವಾರದಿಂದ ಶನಿವಾರದ ತನಕ ತೆರೆದಿರುತ್ತದೆ, ಬೆಳಿಗ್ಗೆ ಬೇಗ ಬಂದರೆ ಪಾಳಿ ಬೇಗ ಸಿಗುತ್ತದೆ. ನಾವು ಕೊಟ್ಟ ಹಳದಿ ಕಾರ್ಡು ತನ್ನಿ, ಕಳೆದಿದ್ದರೆ ಮಗುವಿನ ಹೆಸರು, ಶಾಲೆಯ ಹೆಸರು ಹೇಳಿದರೆ ಸಾಕು. ಗುಳೆ ಹೋದವರು ಜಾತ್ರೆಗೆ ಬಂದಾಗ ಬಂದರೂ ನಡೆಯುತ್ತದೆ.