ಸಂಸದರೇ, ಆ ಎಂಟು ಗಾಲಿಯ ಗಾಡಿಯನ್ನು ಒಮ್ಮೆ ಬೆಳಗಾವಿಗೆ ತರಿಸಿ

ಬೆಳಗಾವಿಯ ಮಾನ್ಯ ಲೋಕಸಭಾ ಸದಸ್ಯರಿಗೆ,

ನಮಸ್ಕಾರ ಸಾಹೇಬ್ರೇ. ನಾನು ಉದ್ಯಮಬಾಗದಲ್ಲಿ ಸಣ್ಣ ಮಷೀನ್ ಶಾಪ್ ನಡೆಸುವವನು. ರಸ್ತೆ, ನೀರು, ಕರೆಂಟಿನ ಅರ್ಜಿಗಳು ನಿಮ್ಮ ಮೇಜಿನ ಮೇಲೆ ಬೇಕಾದಷ್ಟಿರುತ್ತವೆ. ಇದು ಬೇರೆ ವಿಷಯ.

2025ರ ಫೆಬ್ರವರಿಯಲ್ಲಿ ಪ್ರಧಾನಿಯವರು ಅಮೆರಿಕಕ್ಕೆ ಹೋದಾಗ ಎರಡೂ ದೇಶ ಹೊರಡಿಸಿದ ಜಂಟಿ ಹೇಳಿಕೆಯಲ್ಲಿ ಸ್ಟ್ರೈಕರ್ ಹೆಸರಿತ್ತು. ಅದು ಅಮೆರಿಕದ ಸೇನೆಯ ಎಂಟು ಗಾಲಿಯ ಕವಚದ ಗಾಡಿ. ಅದನ್ನು ಭಾರತದಲ್ಲಿ ಜೊತೆಗೂಡಿ ತಯಾರಿಸುವ ಮಾತು ಆಗ ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ರಕ್ಷಣಾ ಸಚಿವರು ಮೊರಾಕೊ ದೇಶದ ಬೆರೆಚಿದ್‌ನಲ್ಲಿ ಟಾಟಾದ ಕಾರ್ಖಾನೆ ಉದ್ಘಾಟಿಸಿದರು. ಅಲ್ಲಿ ತಯಾರಾಗುವುದು ವ್ಹಾಪ್. ಅದೂ ಎಂಟು ಗಾಲಿಯದ್ದೇ, ಸರ್ಕಾರದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಮತ್ತು ಟಾಟಾ ಸೇರಿ ರೂಪಿಸಿದ್ದು. 2014ರ ಡಿಫೆಕ್ಸ್‌ಪೋ ರಕ್ಷಣಾ ಪ್ರದರ್ಶನದಲ್ಲಿ ಕೆಸ್ಟ್ರೆಲ್ ಅನ್ನೋ ಹೆಸರಲ್ಲಿ ಮೊದಲು ಕಾಣಿಸಿಕೊಂಡಿತ್ತು. ನಮ್ಮ ಸೇನೆ ಇಲ್ಲಿಯವರೆಗೆ ಅದನ್ನು ಸಣ್ಣ ಸಂಖ್ಯೆಯಲ್ಲಷ್ಟೇ ಕೊಂಡಿದೆ. ನಮ್ಮ ಗಾಡಿ ಆಫ್ರಿಕಾದಲ್ಲಿ ತಯಾರಾಗಬೇಕು, ಅವರ ಗಾಡಿ ನಮ್ಮಲ್ಲಿ! ಇದಕ್ಕೆ ಕಾರಣ ಇರಬಹುದು. ಅದನ್ನು ಯಾರಾದರೂ ಸದನದಲ್ಲಿ ಕೇಳಬೇಕು ಅಲ್ವಾ?

ಕೇಳುವಾಗ ತೋಪಿನಿಂದ ಶುರು ಮಾಡಬೇಡಿ. ಟಿವಿಯವರು ಅದನ್ನು ಸಾಕಷ್ಟು ತೋರಿಸುತ್ತಾರೆ. ಗಾಡಿಯ ಹೊಟ್ಟೆ ಹೇಗಿದೆ ಅಂತ ಕೇಳಿ.

ಇದು ಟ್ಯಾಂಕ್ ಅಲ್ಲ. ಕಾಲಾಳು ಸೈನಿಕರನ್ನು ಗುಂಡಿನಿಂದ, ಸಿಡಿತಲೆಯ ಚೂರುಗಳಿಂದ ಕಾಪಾಡಿ ಮುಂದಕ್ಕೆ ಒಯ್ಯುವ ಗಾಡಿ. ಎಂಜಿನ್ ಮುಂದೆ, ಅದರ ಪಕ್ಕ ಡ್ರೈವರ್, ಹಿಂದೆ ಜವಾನರು. ಇಳಿಯುವುದು ಹಿಂಬಾಗಿಲಿನಿಂದ. ಅದರ ಕೆಳಗೆ ಮೈನ್ ಸಿಡಿದರೆ ಚಪ್ಪಟೆ ತಳಕ್ಕೆ ಪೂರಾ ಒತ್ತಡ ನೇರವಾಗಿ ಬಡಿಯುತ್ತದೆ. ತಳ ದೋಣಿಯಂತೆ ಚೂಪಾಗಿದ್ದರೆ ಒತ್ತಡದ ಒಂದು ಪಾಲು ಎರಡೂ ಬದಿಗೆ ಜಾರುತ್ತದೆ. ಅಮೆರಿಕದವರು ಇದಕ್ಕೆ ದೊಡ್ಡ ಬೆಲೆ ತೆತ್ತರು. 2003ರಲ್ಲಿ ಇರಾಕ್‌ಗೆ ಹೋದ ಸ್ಟ್ರೈಕರ್‌ಗಳಿಗೆ ರಾಕೆಟ್ ಗ್ರೆನೇಡ್ ತಡೆಯಲು ಸುತ್ತಲೂ ಕಬ್ಬಿಣದ ಪಂಜರ ಕಟ್ಟಿದ್ದರು. ಅಫ್ಘಾನಿಸ್ತಾನದಲ್ಲಿ ಪೆಟ್ಟು ಬಂದಿದ್ದು ಕೆಳಗಿನಿಂದ. ಕೊನೆಗೆ ಜೋಡಿ ವಿ ಆಕಾರದ ತಳ ಕೊಟ್ಟು 2011ರಲ್ಲಿ ಹೊಸ ಗಾಡಿಗಳನ್ನು ಅಲ್ಲಿಗೆ ಕಳಿಸಿದರು.

ಸೀಟಿನದೂ ಇದೇ ಕಥೆ. ಈಗಿನ ಒಳ್ಳೆಯ ಗಾಡಿಗಳಲ್ಲಿ ಸೀಟನ್ನು ನೆಲಕ್ಕೆ ಬೋಲ್ಟ್ ಹಾಕುವುದಿಲ್ಲ, ಮೇಲಿನಿಂದಲೋ ಪಕ್ಕದಿಂದಲೋ ತೂಗುಹಾಕುತ್ತಾರೆ. ಸ್ಫೋಟಕ್ಕೆ ನೆಲ ಮೇಲೆದ್ದರೂ ಆ ಧಕ್ಕೆ ಜವಾನನ ಬೆನ್ನುಮೂಳೆಗೆ ನೇರವಾಗಿ ಹೋಗಬಾರದು, ಅದಕ್ಕೆ. ಹೊರಗಡೆ ಕವಚ ತೂತಾಗದೆ ಉಳಿದು, ಒಳಗಿದ್ದವನ ನಡು ಮುರಿದರೆ ಏನು ಬಂತು?

ತಳ ಚೂಪು ಮಾಡಿದರೆ ಗಾಡಿ ಎತ್ತರವಾಗುತ್ತದೆ. ಕಬ್ಬು ಹೇರಿದ ಟ್ರಾಲಿ ತಿರುವಿನಲ್ಲಿ ವಾಲುವುದನ್ನು ನಮ್ಮ ಕಡೆ ನೋಡದವರು ಯಾರು? ಕವಚ ಜಾಸ್ತಿ ಹಾಕಿದರೆ ತೂಕ ಏರುತ್ತದೆ, ಆಗ ನೀರಿನಲ್ಲಿ ತೇಲುವುದು ಕಷ್ಟ. ಸ್ಟ್ರೈಕರ್ ತೇಲುವುದಿಲ್ಲ. ವ್ಹಾಪ್ ತೇಲುತ್ತದೆ, ಹಿಂದಿನ ವಾಟರ್ ಜೆಟ್‌ಗಳು ನೀರಿನಲ್ಲಿ ಅದನ್ನು ಮುಂದೆ ತಳ್ಳುತ್ತವೆ. ಪಂಜಾಬಿನ ಕಾಲುವೆ, ಲಡಾಖಿನ ನದಿ ದಾಟಬೇಕಾದ ಸೇನೆಗೆ ಇದು ಸಣ್ಣ ಮಾತಲ್ಲ. ವ್ಹಾಪ್‌ನ ಎಂಜಿನ್ 600 ಹಾರ್ಸ್‌ಪವರ್, ಮೊದಲಿನ ಸ್ಟ್ರೈಕರ್‌ದು 350. ಲಡಾಖಿನ ತೆಳು ಗಾಳಿಯಲ್ಲಿ ಎಂಜಿನ್ ಕಸುವು ಇಳಿಯುತ್ತದೆ ಅನ್ನುವುದು ಡೀಸೆಲ್ ಮೆಕ್ಯಾನಿಕ್‌ಗೆ ಹೇಳಿಕೊಡಬೇಕಿಲ್ಲ.

ಗಾಲಿಯ ಬದಲು ಟ್ಯಾಂಕಿನಂತೆ ಚೈನ್ ಮೇಲೆ ಓಡುವ ಗಾಡಿ ಮರಳು, ಕೆಸರಲ್ಲಿ ಮೇಲು. ಡಾಂಬರು ರಸ್ತೆಯಲ್ಲಿ ಗಾಲಿಯೇ ವಾಸಿ: ಟ್ರೇಲರ್ ಮೇಲೆ ಹೇರದೆ ತಾನೇ ದೂರ ಓಡುತ್ತದೆ, ಡೀಸೆಲ್ ಕಡಿಮೆ, ಸದ್ದೂ ಕಡಿಮೆ. ಟೈರ್ ಪಂಕ್ಚರ್ ಆದರೂ ಒಳಗಿನ ಗಟ್ಟಿ ರಿಂಗ್ ಮೇಲೆ ಒಂದಿಷ್ಟು ದೂರ ಹೋಗಬಹುದು.

ಇದರಲ್ಲಿ ಬೆಳಗಾವಿಗೆ ಏನು ಕೆಲಸ ಅಂತೀರಾ? ಕವಚದ ಪ್ಲೇಟ್ ನಮ್ಮ ಕೈಗೆ ಬರುವ ಕೆಲಸವಲ್ಲ, ಸುಮ್ನೆ ಬಡಾಯಿ ಬೇಡ. ಆ ಉಕ್ಕೇ ಬೇರೆ. ವೆಲ್ಡಿಂಗ್‌ನಲ್ಲಿ ಬಿಸಿ ಹೆಚ್ಚಾದರೆ ಬೆಸುಗೆ ಪಕ್ಕದ ಉಕ್ಕು ಮೆತ್ತಗಾಗುತ್ತದೆ, ಗಡಿಬಿಡಿಯಲ್ಲಿ ತಣಿದರೆ ಬಿರುಕು ಬಿಡುತ್ತದೆ. ಆದರೆ ಎಂಟು ಗಾಲಿ ಅಂದರೆ ಎಂಟು ಹಬ್, ಎಂಟು ಸಸ್ಪೆನ್ಶನ್ ಆರ್ಮ್, ಅವುಗಳ ಪಿನ್ನು, ಬುಶ್ಶು, ಬ್ರಾಕೆಟ್ಟು. ಜೊತೆಗೆ ಪಂಪ್ ಬಾಡಿ, ಹೈಡ್ರಾಲಿಕ್ ಸಿಲಿಂಡರ್. ಇವು ನಮ್ಮ ಫೌಂಡ್ರಿಗಳಲ್ಲಿ, ಹೈಡ್ರಾಲಿಕ್ಸ್ ಶಾಪ್‌ಗಳಲ್ಲಿ ದಿನಾ ಆಗುವ ಜಾತಿಯ ಕೆಲಸ. ನಮ್ಮ ಜಿಲ್ಲೆಯ ಹತ್ತರಗಿಯಲ್ಲಿ ವಿಮಾನದ ಭಾಗಗಳೇ ತಯಾರಾಗುತ್ತಿವೆ.

ಒಮ್ಮೆ ಒಂದು ದೊಡ್ಡ ಕಂಪನಿಯಿಂದ ನಮಗೆ ಮಿಲಿಟರಿ ಗಾಡಿಯ ಬ್ರಾಕೆಟ್‌ಗೆ ಎನ್‌ಕ್ವೈರಿ ಬಂತು. ಡ್ರಾಯಿಂಗ್‌ನಲ್ಲಿ ಬೋರ್‌ಗೆ, ಅಂದರೆ ಕೊರೆದ ತೂತಿಗೆ, 20 ಮೈಕ್ರಾನ್ ಟಾಲರೆನ್ಸ್: ಅಳತೆ ಮಿಲಿಮೀಟರಿನ ಐವತ್ತನೇ ಒಂದು ಪಾಲಿನಷ್ಟು ಮಾತ್ರ ಆಚೀಚೆ ಆಗಬಹುದು. ಅದೇನು ದೊಡ್ಡದಲ್ಲ, ತೂತಿನ ಒಳಮೈ ಉಜ್ಜಿ ನಯ ಮಾಡುವ ಹೋನಿಂಗ್ ಮಾಡಿ ಕೊಡುತ್ತಿದ್ದೆವು. ಜೊತೆಗಿದ್ದ ಫಾರ್ಮ್‌ನಲ್ಲಿ ಮಾತ್ರ ಹಿಂದೆ ಸೇನೆಗೆ ಮಾಲು ಕೊಟ್ಟ ದಾಖಲೆ ಕೇಳಿದ್ದರು. ಕೊಡಲಿಕ್ಕೆ ಬಿಟ್ಟರೆ ತಾನೇ ದಾಖಲೆ ಹುಟ್ಟೋದು? ಮೊರಾಕೊದಲ್ಲಿ ಶುರುವಿನಲ್ಲೇ ಸುಮಾರು ಮೂರನೇ ಒಂದು ಪಾಲು ಬಿಡಿಭಾಗ ಸ್ಥಳೀಯವಾಗಿ, ಮುಂದೆ ಅರ್ಧದವರೆಗೆ ಅಂತ ಹೇಳಿದ್ದಾರೆ. ಅಲ್ಲಿನ ಶಾಪ್‌ಗಳಿಗೆ ಸಿಕ್ಕ ಅವಕಾಶ ಇಲ್ಲಿಗೂ ಬೇಕು. 2018ರಲ್ಲಿ ಘೋಷಣೆಯಾದ ಎರಡು ರಕ್ಷಣಾ ಕಾರಿಡಾರ್ (ಸೇನೆಯ ಸಾಮಾನು ತಯಾರಿಸುವ ಕೈಗಾರಿಕಾ ವಲಯ) ಉತ್ತರ ಪ್ರದೇಶಕ್ಕೆ, ತಮಿಳುನಾಡಿಗೆ ಹೋದವು. ಮೂರನೆಯದು ಬರುವ ತನಕ ಕೂತು ಕಾಯಲು ಆಗುವುದಿಲ್ಲ.

ನನ್ನ ಬೇಡಿಕೆ ಇಷ್ಟೇ. ವ್ಹಾಪ್ ಇರಲಿ, ಸ್ಟ್ರೈಕರ್ ಇರಲಿ, ಟ್ರಯಲ್‌ನಲ್ಲಿ ಸವೆದ ಹಳೇ ಗಾಡಿಯೇ ಇರಲಿ, ಒಂದನ್ನು ಬೆಳಗಾವಿಗೆ ತರಿಸಿ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ನಮ್ಮ ಕ್ಯಾಂಪ್‌ನಲ್ಲೇ ಇದೆ, ಕಮಾಂಡೊ ತರಬೇತಿಯೂ ಇಲ್ಲೇ ನಡೆಯುತ್ತದೆ. ಜಾಗಕ್ಕೂ ಕಾವಲಿಗೂ ಕೊರತೆ ಇಲ್ಲ. ಸೆಲ್ಫಿಗೆ ನಿಲ್ಲಿಸುವುದು ಬೇಡ. ಗಾಲಿ ಬಿಚ್ಚಿ, ಜಾಕ್ ಕೊಟ್ಟು ಎತ್ತಿ, ಗುಟ್ಟಿನ ಭಾಗ ಮುಚ್ಚಿಟ್ಟು ಉಳಿದದ್ದನ್ನು ಟೇಬಲ್ ಮೇಲೆ ಹರವಲಿ. ನಮ್ಮ ಟರ್ನರ್‌ಗಳು, ಫೌಂಡ್ರಿಯವರು ವರ್ನಿಯರ್ ಹಿಡಿದು ನೋಡಲಿ. ಖರೀದಿ ಮಾಡುವ ಅಧಿಕಾರಿಗಳೂ ಪಕ್ಕದಲ್ಲಿರಲಿ, ಸ್ಯಾಂಪಲ್ ಪೀಸ್‌ಗೆ ಅಲ್ಲೇ ಡ್ರಾಯಿಂಗ್ ಕೊಡಲಿ.

ಸದನದಲ್ಲಿ ಕೇಳಬೇಕಾದದ್ದು ಒಂದಿದೆ: ಜೊತೆಗೂಡಿ ತಯಾರಿಸುವ ಒಪ್ಪಂದ ಆದರೆ ಬಿಡಿಭಾಗಗಳ ಡ್ರಾಯಿಂಗ್ ಯಾರ ಕೈಯಲ್ಲಿರುತ್ತದೆ? 20 ವರ್ಷ ಆದ ಮೇಲೆ ಒಂದು ಬುಶ್ ಸವೆದರೆ ಅದನ್ನು ಇಲ್ಲಿ ಮಾಡಲು ಪರವಾನಗಿ ಇರುತ್ತದಾ, ಇಲ್ಲ ಹಡಗು ಕಾಯಬೇಕಾ? ‘ಪರಿಶೀಲನೆಯಲ್ಲಿದೆ’ ಅನ್ನುವ ಉತ್ತರ ಬಂದರೆ ದಯವಿಟ್ಟು ಬಿಡಬೇಡಿ, ಪೂರಕ ಪ್ರಶ್ನೆ ಹಾಕಿ.

ಅಧಿವೇಶನ ಮುಗಿಸಿ ನೀವು ಊರಿಗೆ ಬಂದಾಗ ನಾವು ಕೆಲವರು ಬಂದು ಭೇಟಿಯಾಗುತ್ತೇವೆ. ಯಾವ ಶಾಪ್‌ನಲ್ಲಿ ಯಾವ ಮಷೀನ್ ಇದೆ, ಎಷ್ಟು ದೊಡ್ಡ ಎರಕ ಹೊಯ್ಯಬಹುದು ಅನ್ನುವ ಪಟ್ಟಿ ತರುತ್ತೇವೆ.

ಇಂತಿ,
ಉದ್ಯಮಬಾಗದ ಒಬ್ಬ ವರ್ಕ್‌ಶಾಪ್ ಮಾಲೀಕ, ಬೆಳಗಾವಿ