94 ಸಲ ನಿದ್ದೆ

ಗೆಳೆಯಾ,

ನಿನ್ನ ಪತ್ರ ಬಂದು ಮೂರು ವಾರವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಒಂದು ಮಾತಿನ ಹತ್ತಿರ ಬಂದು ನಿಂತುಬಿಡುತ್ತಿದ್ದೆ. ಅಪ್ಪನ ಹಾಸಿಗೆ ಪಕ್ಕ ಒಂದು ರಾತ್ರಿ ಕಳೆಯುವುದೇ ಯುಗವಾಗುತ್ತಿತ್ತು, ಈಗ ನೋಡಿದರೆ ಇಡೀ ವರ್ಷ ಎಲ್ಲಿ ಹೋಯಿತೋ ತಿಳಿಯುತ್ತಿಲ್ಲ ಎಂದು ನೀನು ಬರೆದಿದ್ದೆ. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ ಕಣೋ, ನಿನಗೇ ಗೊತ್ತು. ಅದರ ಬದಲು ಒಬ್ಬ ಕಲಾವಿದನ ಕತೆ ಹೇಳುತ್ತೇನೆ.

ಹೆಸರು ಟೇಚಿಂಗ್ ಶೇ. ತೈವಾನಿನವನು, ನ್ಯೂಯಾರ್ಕಿಗೆ ಬಂದು ಸೇರಿಕೊಂಡಿದ್ದ. ಕಾರ್ಖಾನೆಯಲ್ಲಿ ಹಾಜರಿಗೆ ಕಾರ್ಡ್ ಪಂಚ್ ಮಾಡುವ ಗಡಿಯಾರ ಇರುತ್ತಲ್ಲ, ಅಂಥದ್ದೊಂದನ್ನು ತನ್ನ ಕೋಣೆಯಲ್ಲಿ ಇಟ್ಟುಕೊಂಡ. 1980ರ ಏಪ್ರಿಲ್ 11ರಿಂದ ಒಂದು ವರ್ಷ, ಹಗಲೂ ರಾತ್ರಿ, ಗಂಟೆಗೊಮ್ಮೆ ಪಂಚ್ ಮಾಡಿದ. ಕಲಾಕೃತಿ ಅಂದರೆ ಅದೇ. ದೂರ ಎಲ್ಲೂ ಹೋಗುವ ಹಾಗಿಲ್ಲ, ನೆಟ್ಟಗೆ ನಿದ್ದೆ ಮಾಡುವ ಹಾಗಿಲ್ಲ. ಪಂಚ್ ಮಾಡಿದಾಗಲೆಲ್ಲ ಸಿನಿಮಾ ಕ್ಯಾಮೆರಾದಲ್ಲಿ ತನ್ನದೇ ಒಂದು ಫ್ರೇಮ್ ತೆಗೆದುಕೊಳ್ಳುತ್ತಿದ್ದ. ಶುರು ಮಾಡುವಾಗ ತಲೆ ಬೋಳಿಸಿಕೊಂಡಿದ್ದ.

ಆ ಫ್ರೇಮ್‌ಗಳನ್ನೆಲ್ಲ ಜೋಡಿಸಿದರೆ ಸುಮಾರು ಆರು ನಿಮಿಷದ ಚಿತ್ರ. ದಿನಕ್ಕೊಂದು ಸೆಕೆಂಡು! ಕೂದಲು ನೋಡನೋಡುತ್ತಲೇ ಬೆಳೆದು ಇಳಿಬೀಳುತ್ತದೆ, ಅಷ್ಟರಲ್ಲಿ ವರ್ಷ ಮುಗಿದಿರುತ್ತದೆ. ನಡುರಾತ್ರಿ ಎರಡಕ್ಕೆ, ಮೂರಕ್ಕೆ, ನಾಲ್ಕಕ್ಕೆ ಎದ್ದವನಿಗೆ ಅದು ಆರು ನಿಮಿಷ ಆಗಿತ್ತಾ? ನೀನು ಬರೆದದ್ದೂ ಇದನ್ನೇ ಅಲ್ವಾ?

ಆದರೆ ನಾನು ಹೇಳಹೊರಟಿದ್ದು ಇದಲ್ಲ. ಒಟ್ಟು 8,760 ಸಲ ಪಂಚ್ ಆಗಬೇಕಿತ್ತು. 133 ತಪ್ಪಿದವು. ತಪ್ಪಿದ್ದಕ್ಕೂ ಲೆಕ್ಕ ಇಟ್ಟಿದ್ದಾನೆ: 94 ಸಲ ನಿದ್ದೆ, 29 ಸಲ ತಡ, 10 ಸಲ ಹೊತ್ತಿಗೆ ಮೊದಲೇ ಪಂಚ್. ಆ ಲೆಕ್ಕವೂ ಕೃತಿಯ ಭಾಗವೇ. ನೆಪ ಇಲ್ಲ, ಮುಚ್ಚಿಟ್ಟಿದ್ದೂ ಇಲ್ಲ. ನಿದ್ದೆ ಬಂತು, ಅಷ್ಟೆ.

ಅಪ್ಪನ ಆ ಕೊನೆಯ ರಾತ್ರಿ ನಿನಗೆ ಕಣ್ಣು ಹತ್ತಿತೆಂದು ಎರಡು ಪತ್ರದಲ್ಲಿ ಬರೆದಿದ್ದೀಯ. ಅದಕ್ಕೇ ಆ 94 ಕಂಡ ಕೂಡಲೇ ನೀನು ನೆನಪಾದೆ. ಅವನು ತಪ್ಪದೆ ಹಾಕಿದ ಸಾವಿರಾರು ಹಾಜರಿಗಿಂತ ನನಗೆ ಅವೇ ಹತ್ತಿರ ಅನ್ನಿಸಿದವು.

ಕಾಲದ ಮೇಲಿನ ಕಲೆ ಎಂದರೆ ಜನ ಮೊದಲು ಎತ್ತುವುದು ಕ್ರಿಶ್ಚಿಯನ್ ಮಾರ್ಕ್ಲೇ 2010ರಲ್ಲಿ ಮಾಡಿದ 'ದ ಕ್ಲಾಕ್'. ಗಡಿಯಾರ ಕಾಣುವ ಸಾವಿರಾರು ಸಿನಿಮಾ ತುಣುಕು ಹೊಲಿದು ಮಾಡಿದ 24 ಗಂಟೆಯ ಚಿತ್ರ. ಪರದೆಯ ಮೇಲಿನ ಹೊತ್ತೂ ನಿನ್ನ ಕೈಗಡಿಯಾರದ ಹೊತ್ತೂ ಒಂದೇ. ಜಾಣ ಕೆಲಸ, ಒಪ್ಪಿದೆ. ನನಗೇನೋ ಆ ಜಾಣತನವೇ ಜಾಸ್ತಿ ಅನ್ನಿಸಿತು. ನನಗೆ ಹಿಡಿಸುವುದು ರೋಮನ್ ಒಪಾಲ್ಕನಂಥವರು. 1965ರಲ್ಲಿ ಪೋಲೆಂಡಿನ ವಾರ್ಸಾದಲ್ಲಿ ಕ್ಯಾನ್ವಾಸಿನ ಮೇಲೆ 1 ಎಂದು ಬರೆದ. ಆಮೇಲೆ 2, 3, 4. 2011ರಲ್ಲಿ ಸಾಯುವವರೆಗೂ ನಿಲ್ಲಿಸಲಿಲ್ಲ. 1972ರಿಂದ ಪ್ರತಿ ಕ್ಯಾನ್ವಾಸಿನ ಹಿನ್ನೆಲೆಗೂ ಒಂದು ಚೂರು ಬಿಳಿ ಸೇರಿಸುತ್ತ ಹೋದ. ಕಡೆಕಡೆಗೆ ಬಿಳಿಯ ಮೇಲೆ ಬಿಳಿ ಅಂಕಿಗಳು. ಕೊನೆಯ ಅಂಕಿ 56,07,249.

ಅಪ್ಪನ ಕೋಣೆಯ ಗಡಿಯಾರ ನಿಂತಿದೆ, ಸೆಲ್ ಹಾಕಲು ಕೈ ಬರುತ್ತಿಲ್ಲ ಎಂದಿದ್ದೆಯಲ್ಲ. ಫೆಲಿಕ್ಸ್ ಗೊನ್ಸಾಲೆಸ್-ಟೊರೆಸ್ ಎಂಬ ಕಲಾವಿದ ಎರಡು ಸಾದಾ ಗೋಡೆ ಗಡಿಯಾರಗಳನ್ನು ಒಂದಕ್ಕೊಂದು ತಾಗಿಸಿ ತೂಗುಹಾಕಿದ. ಎರಡಕ್ಕೂ ಒಂದೇ ಸಮಯ ಇಟ್ಟು ಶುರು ಮಾಡುವುದು. ದಿನ ಕಳೆದ ಹಾಗೆ ಒಂದು ಹಿಂದೆ ಬೀಳುತ್ತದೆ. ಅವನ ಸಂಗಾತಿ ಏಡ್ಸ್‌ನಿಂದ 1991ರಲ್ಲಿ ತೀರಿಕೊಂಡ, ಅದೇ ಕಾಯಿಲೆಯಿಂದ ಇವನು 1996ರಲ್ಲಿ. ಗಡಿಯಾರ ನಿಂತರೆ ಸೆಲ್ ಬದಲಿಸಿ, ಎರಡನ್ನೂ ಮತ್ತೆ ಒಂದೇ ಸಮಯಕ್ಕೆ ಇಡಬಹುದು ಎಂದು ಅವನೇ ಒಪ್ಪಿದ್ದ. ಮತ್ತೆ ಹಿಂದುಮುಂದಾಗುತ್ತವೆ ಅಂತ ಗೊತ್ತಿದ್ದೂ.

ನೀನು ಹಾಕು ಅಂತ ಹೇಳುತ್ತಿಲ್ಲ, ಬೇಡ ಅಂತಲೂ ಅಲ್ಲ. ಮುಂದಿನ ತಿಂಗಳು ಬರುತ್ತೇನೆ. ಸುಮ್ನೆ ಒಂದು ಸೆಲ್ ಜೇಬಿನಲ್ಲಿ ಇಟ್ಟುಕೊಂಡು ಬರುತ್ತೇನೆ. ಹಾಕುವುದು ಬಿಡುವುದು ಆಮೇಲೆ ನೋಡೋಣ.

ನಿನ್ನವ